ಎತ್ತಬಾರದ ಕರೆಗಳು

ಯಾರ ಮನೆಗಾದರೂ ಹೋದರೆ ನಾವು ಬಾಗಿಲಲ್ಲಿ ನಿಂತು ಕೂಗುತ್ತೇವೆ. ಒಳಗಿನವರು ‘ಬರ್ರಿ’ ಎಂದ ಮೇಲೆ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತೇವೆ. ಫೋನಿಗೆ ಈ ಮರ್ಯಾದೆ ಇಲ್ಲ. ಉಣ್ಣುವವನ ತಟ್ಟೆಯ ಮುಂದೆ, ಓದುವ ಹುಡುಗಿಯ ಪುಸ್ತಕದ ನಡುವೆ, ಹೆಣ ಇಟ್ಟ ಪಡಸಾಲೆಗೆ, ಎಲ್ಲಿಗೆ ಬೇಕಾದರೂ ನುಗ್ಗುತ್ತದೆ. ಅದಕ್ಕೂ ಹೊಸ್ತಿಲ ಹೊರಗೆ ನಿಲ್ಲುವುದನ್ನು ಕಲಿಸಿದರೆ ಹೇಗೆ? ಹನ್ನೆರಡು ವರ್ಷದ ಹಿಂದೆ ನನ್ನ ತಲೆಯಲ್ಲಿ ಹೊಕ್ಕ ಹುಳ ಇದು. ಹುಳ ಬೆಳೆದು ಯಂತ್ರವಾಯಿತು. ಅದಕ್ಕೆ ‘ಹೊಸ್ತಿಲು’ ಎಂದೇ ಹೆಸರಿಟ್ಟೆವು. ನಲವತ್ತು ಲಕ್ಷ ಜನ ಅದನ್ನು ಕಿವಿಯ ಹಿಂದೆ ಅಂಟಿಸಿಕೊಂಡರು. ನನಗೆ ಊರೂರಿನಲ್ಲಿ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟರು. ಆಮೇಲೆ ಅದು ನನ್ನ ತಮ್ಮನ ಎರಡೂ ಕೈಗಳನ್ನು ತೆಗೆಯಿತು.

ಯಂತ್ರ ತೆಗೆಯಿತು ಎಂದು ಹೇಳಿ ಕೈತೊಳೆದುಕೊಂಡರೆ ಅದು ಅರ್ಧ ಸತ್ಯ. ಉಳಿದ ಅರ್ಧ, ಅದನ್ನು ರೂಪಿಸಿದ ದಾಕ್ಷಾಯಣಿ ಎಂಬ ನಾನು ಒಂದು ಭಾನುವಾರ ಊಟಕ್ಕೆ ಕೂತು ಆಡಿದ ಒಂದು ಮಾತು. ಆ ಮಾತಿನಿಂದ, ತಪ್ಪು ಮಾಡದ ಒಬ್ಬ ಮನುಷ್ಯ ಜೈಲಿನ ಬಾಗಿಲಿನವರೆಗೆ ಹೋದ. ಬರೆದರೆ ನೆಮ್ಮದಿ ಸಿಗುತ್ತದೆ ಅನ್ನುತ್ತಾರೆ. ನನಗೆ ಆ ನಂಬಿಕೆ ಇಲ್ಲ, ಆದರೂ ಬರೆಯುತ್ತಿದ್ದೇನೆ.

ನಮ್ಮ ಪ್ರಯೋಗಾಲಯ ಇದ್ದದ್ದು ಹುಬ್ಬಳ್ಳಿಯಲ್ಲಿ, ಹಳೆಯ ಹತ್ತಿ ಗೋದಾಮಿನ ಮೇಲಿನ ಅಂತಸ್ತಿನಲ್ಲಿ. ಹೊಸ್ತಿಲು ಎಂದರೆ ಅಂಗಿಯ ಗುಂಡಿಯಷ್ಟು ದೊಡ್ಡ ಒಂದು ಬಿಲ್ಲೆ. ನಾಡಿ ಮತ್ತು ಚರ್ಮದ ಬಿಸಿಯನ್ನು ನೋಡಿ, ಮನುಷ್ಯ ಯಾವುದಾದರೂ ಕೆಲಸದಲ್ಲಿ ಮುಳುಗಿದ್ದಾನೋ ಸುಮ್ಮನೆ ಕೂತಿದ್ದಾನೋ ತಿಳಿದುಕೊಳ್ಳುತ್ತಿತ್ತು. ಕರೆ ಬಂದರೆ ಮೊದಲು ತಾನು ಹಿಡಿಯುತ್ತಿತ್ತು. ಕರೆದವರ ಕಿವಿಗೆ ರಿಂಗ್ ಕೇಳುತ್ತಲೇ ಇರುತ್ತಿತ್ತು. ಇತ್ತ ಫೋನು ಮಾತ್ರ ಸದ್ದಿಲ್ಲದೆ ಬಿದ್ದಿರುತ್ತಿತ್ತು. ಒಳಗೆ ಬಿಡಬೇಕಾದ ಕರೆ ಎನಿಸಿದರೆ ಮಾತ್ರ ಬಿಡುತ್ತಿತ್ತು.

ಬಿಡಬೇಕಾದ ಕರೆ ಯಾವುದು ಎಂದು ಅದಕ್ಕೆ ಹೇಗೆ ಗೊತ್ತು? ಇಲ್ಲೇ ನನ್ನ ಜಾಣತನ ಇದ್ದದ್ದು. ‘ಯಾರ ಕರೆ ಮುಖ್ಯ’ ಎಂದು ನಾವು ಮನುಷ್ಯನನ್ನು ಕೇಳಲಿಲ್ಲ. ಕೇಳಿದರೆ ಎಲ್ಲರೂ ಅಪ್ಪ, ಅವ್ವ, ಗುರುಗಳು ಎಂದು ಒಳ್ಳೆಯವರಾಗಿಬಿಡುತ್ತಾರೆ. ಮಾತು ಸುಳ್ಳು ಹೇಳುತ್ತದೆ, ನಡತೆ ಹೇಳುವುದಿಲ್ಲ ಎಂಬುದು ನನ್ನ ಸಿದ್ಧಾಂತ. ಯಾರ ಕರೆಯನ್ನು ನೀವು ಎತ್ತುತ್ತೀರೋ ಅದು ಮುಖ್ಯ. ಯಾರದನ್ನು ಎತ್ತದೆ ಬಿಡುತ್ತೀರೋ ಅದು ಮುಖ್ಯವಲ್ಲ. ಹಳೆಯ ವರ್ಷಗಳ ಕರೆಗಳನ್ನೆಲ್ಲ ಓದಿ ಬಿಲ್ಲೆ ತಾನೇ ಕಲಿತುಕೊಳ್ಳುತ್ತಿತ್ತು. ಅಪಾಯದ ಹೊತ್ತಿಗೆ ಇರಲಿ ಎಂದು ಒಂದು ಕಿಂಡಿಯನ್ನೂ ಇಟ್ಟಿದ್ದೆವು. ಅರ್ಧ ನಿಮಿಷ ಬಿಡದೆ ರಿಂಗ್ ಮಾಡಿದರೆ ಯಾರೇ ಆಗಲಿ ಒಳಗೆ ಬರಬಹುದು. ನಿಜವಾಗಿ ಬೇಕಾದವರು ಬಿಡದೆ ಕರೆಯುತ್ತಾರೆ ತಾನೇ?

ನಮ್ಮ ಸಂಸ್ಥೆಯ ನಿರ್ದೇಶಕ ಪದ್ಮರಾಜ ಒಂದೇ ಒಂದು ವಿಷಯಕ್ಕೆ ತಕರಾರು ಮಾಡಿದ್ದ.

“ತಡದ ಕರೆಗೋಳದೊಂದು ಪಟ್ಟಿ ತೋರಸೋಣ್ರಿ. ಸಂಜಿಮುಂದ ಒಮ್ಮೆ ನೋಡ್ಕೋತಾರ.”

“ಪಟ್ಟಿ ತೋರಿಸಿದರ ಎಲ್ಲಾರೂ ತಾಸಿಗೊಮ್ಮೆ ಪಟ್ಟಿ ನೋಡಕೋತನ ಕೂಡತಾರ,” ಎಂದೆ ನಾನು. “ತಡದದ್ದನ್ನ ಹೇಳೂದೂ ಒಂದು ಕಾಟನ. ಬಾಗಲಾ ಹಾಕಿದ್ವಿ ಅಂದ್ರ ಹಾಕಿದ್ವಿ.”

ಎರಡು ದಿನ ವಾದ ನಡೆಯಿತು. ಗೆದ್ದವಳು ನಾನು. ತಡೆದ ಕರೆಗಳ ದಾಖಲೆ ಬಿಲ್ಲೆಯ ಹೊಟ್ಟೆಯಲ್ಲಿ ಉಳಿಯುತ್ತಿತ್ತು, ಆದರೆ ಅದನ್ನು ಹೊರಗೆ ತೆಗೆಯುವ ವಿದ್ಯೆ ನಮ್ಮ ಪ್ರಯೋಗಾಲಯದವರಿಗೆ ಮಾತ್ರ ಗೊತ್ತಿತ್ತು.

ಜನ ಹೊಸ್ತಿಲನ್ನು ಮನಸಾರೆ ಹರಸಿದರು. ಸುಳ್ಳು ಯಾಕೆ ಹೇಳಲಿ, ಅದರಿಂದ ಒಳ್ಳೆಯದೂ ಆಯಿತು. ಧಾರವಾಡದ ಪ್ರೊಫೆಸರೊಬ್ಬರು ಹದಿನೆಂಟು ವರ್ಷದಿಂದ ಎಳೆದಾಡುತ್ತಿದ್ದ ನಿಘಂಟನ್ನು ಒಂದೇ ವರ್ಷದಲ್ಲಿ ಮುಗಿಸಿ ನನಗೊಂದು ಪ್ರತಿ ಕಳಿಸಿದರು. ಶಸ್ತ್ರಚಿಕಿತ್ಸೆ ಮಾಡುವ ವೈದ್ಯರು, ಬಸ್ಸಿನ ಡ್ರೈವರುಗಳು, ಶಾಲೆಯ ಅಕ್ಕೋರುಗಳು ಅದನ್ನು ಹಚ್ಚಿಕೊಂಡರು. ಜಗಳಗಳೂ ಆದವು. ತನ್ನ ಕರೆ ಮಗಳ ಹೊಸ್ತಿಲು ದಾಟುವುದಿಲ್ಲ ಎಂದು ಗೊತ್ತಾದ ತಾಯಿಯೊಬ್ಬಳು ನಮ್ಮ ಕಚೇರಿಗೇ ಬಂದು ಅತ್ತಳು. ‘ಬಿಲ್ಲೆಯ ತಪ್ಪಲ್ಲ ತಾಯಿ, ನಿಮ್ಮ ಮಗಳು ಎತ್ತುತ್ತಿರಲಿಲ್ಲ’ ಎಂದು ಅವಳಿಗೆ ಚಹಾ ಕುಡಿಸಿ ಕಳಿಸಿದೆ. ಆ ದಿನ ನನಗೆ ಅದು ದೊಡ್ಡ ಸತ್ಯದ ಮಾತಾಗಿ ಕಂಡಿತ್ತು.

ನಾಲ್ಕನೆಯ ವರ್ಷ ವಿದ್ಯುತ್ ಸರಬರಾಜಿನವರು ತಮ್ಮ ಸಬ್‌ಸ್ಟೇಷನ್‌ಗಳಿಗೆ ಹೊಸ್ತಿಲು ಕೇಳಿದರು. ಕೇಳಿದ್ದರಲ್ಲಿ ತಪ್ಪಿಲ್ಲ. ಕರೆಂಟ್ ಹೋದರೆ ಸಾಕು, ಆಪರೇಟರನ ಮೊಬೈಲಿಗೆ ಹತ್ತು ಹಳ್ಳಿಯ ಮಂದಿ ‘ಯಾವಾಗ ಬರತೈತಿ’ ಎಂದು ಮುಗಿಬೀಳುತ್ತಿದ್ದರು. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಬ್ರೇಕರಿನ ಹಿಡಿಕೆ. ಅಂಥವನ ಗಮನವನ್ನು ಕಾಯದ ಮೇಲೆ ನಮ್ಮ ಯಂತ್ರ ಯಾಕಾದರೂ ಇರಬೇಕು?

ಗದಗಿನ ಆಚೆ ಇರುವ ಕಣವಿಹಾಳದ ಸಬ್‌ಸ್ಟೇಷನ್ನಿಗೂ ಒಂದು ಬಿಲ್ಲೆ ಹೋಯಿತು. ಅಲ್ಲಿನ ಆಪರೇಟರು ರಾಜೇಸಾಬ ನದಾಫ, ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಸಾವಧಾನದ ಮನುಷ್ಯ. ಅದೇ ಊರಿನಲ್ಲಿ ಲೈನ್‌ಮನ್ ಆಗಿದ್ದವನು ನನ್ನ ತಮ್ಮ ಚನ್ನವೀರ. ಅವನು ನದಾಫರನ್ನು ‘ಮಾಮಾ’ ಎಂದೇ ಕರೆಯುತ್ತಿದ್ದ. ಹನ್ನೊಂದು ವರ್ಷ ಇವನು ಕಂಬ ಹತ್ತಿದ್ದು ಅವರು ಕರೆಂಟ್ ತೆಗೆಯುತ್ತಾರೆ ಎಂಬ ನಂಬಿಕೆಯ ಮೇಲೆ.

ಕಂಬ ಹತ್ತುವ ಮೊದಲು ಲೈನ್‌ಮನ್ ಜೀಪಿನ ವೈರ್‌ಲೆಸ್ಸಿನಲ್ಲಿ ‘ಲೈನ್ ಕ್ಲಿಯರ್’ ಕೇಳಬೇಕು. ಆಪರೇಟರು ಆ ದಾರಿಯ ಕರೆಂಟ್ ತೆಗೆದು ಹೂಂ ಅನ್ನಬೇಕು. ಕೆಲಸ ಮುಗಿದ ಮೇಲೆ ಲೈನ್‌ಮನ್ ಮತ್ತೆ ಬಾಯಲ್ಲಿ ಹೇಳಬೇಕು, ಆಮೇಲಷ್ಟೇ ಕರೆಂಟ್ ಬಿಡಬೇಕು. ಇದು ಪುಸ್ತಕದ ಬದನೆಕಾಯಿ. ನಿಜವಾಗಿ ಏನಾಗುತ್ತಿತ್ತೆಂದರೆ, ಇವನನ್ನು ಕಂಬದ ಬುಡದಲ್ಲಿ ಇಳಿಸಿ ಜೀಪು ವೈರ್‌ಲೆಸ್ ಸಮೇತ ಇನ್ನೊಂದು ಹಳ್ಳಿಗೆ ಹೋಗಿಬಿಡುತ್ತಿತ್ತು. ಹಾಗಾಗಿ ಮಾಮಾ ಅಳಿಯ ತಮ್ಮದೇ ಒಂದು ರೂಢಿ ಮಾಡಿಕೊಂಡಿದ್ದರು. ಇಷ್ಟು ಗಂಟೆಗೆ ಕರೆಂಟ್ ಬಿಡುವುದು ಎಂದು ಮೊದಲೇ ಮಾತಾಗಿರುತ್ತಿತ್ತು. ಅಷ್ಟರಲ್ಲಿ ಕೆಲಸ ಮುಗಿಯದಿದ್ದರೆ ಚನ್ನವೀರ ಮೊಬೈಲಿನಿಂದ ಒಂದು ರಿಂಗ್ ಕೊಟ್ಟು ಕಟ್ ಮಾಡುತ್ತಿದ್ದ. ಒಂದು ರಿಂಗ್ ಎಂದರೆ ಇನ್ನೂ ಹತ್ತು ನಿಮಿಷ. ನದಾಫರು ಎತ್ತುತ್ತಿರಲಿಲ್ಲ. ಎತ್ತದೆ ಇರುವುದೇ ‘ಆತಪ್ಪಾ’ ಎಂಬ ಉತ್ತರ. ಕರೆ ಎತ್ತಿದರೆ ಹಣ ಹೋಗುತ್ತಿದ್ದ ಕಾಲದಲ್ಲಿ ನಮ್ಮ ಜನ ಕಲಿತ ಭಾಷೆ ಅದು. ಕರೆ ಅಗ್ಗವಾದ ಮೇಲೂ ಅದು ಹೋಗಿರಲಿಲ್ಲ.

ನನಗೂ ಆ ಭಾಷೆ ಬರುತ್ತಿತ್ತು. ನಮ್ಮ ಅವ್ವ ಇದ್ದಾಗ ಚನ್ನವೀರ ದಿನದ ಕೊನೆಯ ಕಂಬ ಇಳಿದು ಅವಳಿಗೆ ಒಂದು ರಿಂಗ್ ಕೊಡುತ್ತಿದ್ದ. ಅದು ಬರುವ ತನಕ ಅವಳು ಒಲೆಯ ಮೇಲೆ ಹಂಚು ಇಡುತ್ತಿರಲಿಲ್ಲ. ಅವಳು ತೀರಿಹೋದ ಮೇಲೆ ಆ ರಿಂಗ್ ನನಗೆ ಬರತೊಡಗಿತು. ಮಾತಾಡುವುದಿದ್ದರೆ ಹೆಂಡತಿ ಕಸ್ತೂರಿಯ ಫೋನಿಂದ ಮಾಡುತ್ತಿದ್ದ. ತನ್ನ ಫೋನಿಂದ ಬರೀ ಒಂದು ರಿಂಗ್.

ಅವ್ವ ಹೋಗಿ ಎರಡು ವರ್ಷದ ಮೇಲೆ, ನದಾಫರಿಗೆ ಬಿಲ್ಲೆ ಬಂದ ವಾರದ ಆ ಭಾನುವಾರ, ನಾನು ಅವನ ಮನೆಗೆ ಊಟಕ್ಕೆ ಹೋಗಿದ್ದೆ. ಕಸ್ತೂರಿ ಎಣಗಾಯಿ ಪಲ್ಯ ಮಾಡಿ ಬಿಸಿ ರೊಟ್ಟಿ ಬಡಿಯುತ್ತಿದ್ದಳು.

“ಅಕ್ಕಾರ, ನಿಮ್ಮ ಬಿಲ್ಲೆ ನಮಗೂ ಒಂದು ಕೊಡ್ರಿ. ಇವರ ಕಿವಿಗಿ ಹಚ್ಚತೇನಿ. ನಾ ಒದರೂದು ಹೆಂಗೂ ಕೇಳೂದುಲ್ಲ, ಬಿಲ್ಲೆ ಇದ್ರ ಅದರ ಮ್ಯಾಲರ ಹಾಕಬಹುದು,” ಎಂದು ಒಳಗಿನಿಂದಲೇ ಚುಚ್ಚಿದಳು.

ಚನ್ನವೀರ ನಗಲಿಲ್ಲ. ರೊಟ್ಟಿ ಮುರಿಯುತ್ತ ಕೇಳಿದ, “ಅಕ್ಕಾ, ನಿನ್ನ ಕಿವಿಗೂ ಬಿಲ್ಲೆ ಐತಲ್ಲ. ನಾ ಕಂಬ ಇಳದು ಕೊಡೂ ರಿಂಗ್ ನಿನಗ ಬರತಾವಿಲ್ಲೋ?”

ಕೊನೆಯ ಬಾರಿ ಆ ರಿಂಗ್ ಕೇಳಿದ್ದು ಯಾವಾಗ? ಹೋದ ತಿಂಗಳು? ಹೋದ ವರ್ಷ? ನೆನಪಾಗಲಿಲ್ಲ. ತಮ್ಮ ಜೀವಂತ ಕೆಳಗೆ ಇಳಿದ ಎಂಬ ಸುದ್ದಿ ನಿಂತುಹೋಗಿ ಎಷ್ಟು ದಿನವಾಯಿತೋ, ಅದು ನಿಂತದ್ದೇ ನನಗೆ ತಿಳಿದಿರಲಿಲ್ಲ. ಇಲ್ಲ ಅಂದರೆ ಅವನು ಏನಂದುಕೊಂಡಾನು? ಅವ್ವನ ಜಾಗದಲ್ಲಿ ನಿಂತವಳು ನಾನು.

“ಬರತಾವಲ್ಲೋ ತಮ್ಮಾ,” ಎಂದೆ. “ದಿನಾ ಬರತಾವು.”

“ಹಂಗಾದ್ರ ಆತ ಬಿಡು,” ಎಂದು ಅವನು ಇನ್ನೊಂದು ರೊಟ್ಟಿ ಹಾಕಿಸಿಕೊಂಡ.

ಯಾಕೆ ಕೇಳಿದ ಎಂದು ನಾನು ಕೇಳಲಿಲ್ಲ. ಸೋಮವಾರ ನನ್ನ ಬಿಲ್ಲೆಯ ದಾಖಲೆ ತೆಗೆದು ನೋಡಬೇಕು ಎಂದುಕೊಂಡೆ. ಸೋಮವಾರ ದಿಲ್ಲಿಯಿಂದ ಯಾರೋ ಬಂದರು. ಮಂಗಳವಾರ ಮರೆತೆ.

ಬುಧವಾರ ಕಣವಿಹಾಳದ ಹೊರಗೆ ಒಂದು ಕಂಬದ ಕೆಲಸ. ಹತ್ತೂವರೆಗೆ ಲೈನ್ ಕ್ಲಿಯರ್ ತೆಗೆದುಕೊಂಡು ಹನ್ನೊಂದೂವರೆಗೆ ಕರೆಂಟ್ ಬಿಡುವ ಮಾತಾಗಿತ್ತು. ಹನ್ನೊಂದು ಇಪ್ಪತ್ತಕ್ಕೆ ಚನ್ನವೀರ ಕೆಲಸ ಮುಗಿಸಿ, ತಂತಿಯಿಂದ ನೆಲಕ್ಕೆ ಕಟ್ಟಿದ್ದ ರಕ್ಷಣೆಯ ಸರಪಳಿಯನ್ನೂ ಬಿಚ್ಚಿ ಕೆಳಗಿಳಿದ. ಇಳಿದು ಮೇಲೆ ನೋಡಿದರೆ ತಂತಿಯನ್ನು ಹಿಡಿದಿಡುವ ಪಿಂಗಾಣಿಯ ಬಟ್ಟಲೊಂದು ಬಿರುಕು ಬಿಟ್ಟಿತ್ತು. ಬೇರೆ ಯಾರಾದರೂ ನಾಳೆ ನೋಡೋಣ ಅನ್ನುತ್ತಿದ್ದರು. ಇವನು ನದಾಫರಿಗೆ ಒಂದು ರಿಂಗ್ ಕೊಟ್ಟು ಮತ್ತೆ ಹತ್ತಿದ. ಸರಪಳಿ ಕಟ್ಟಲಿಲ್ಲ, ಐದು ನಿಮಿಷದ ಕೆಲಸ ಎಂದು. ಹನ್ನೊಂದು ಮೂವತ್ತೈದಕ್ಕೆ ಕಂಬದ ಮೇಲಿಂದಲೇ ಇನ್ನೊಂದು ರಿಂಗ್ ಕೊಟ್ಟ.

ಸಬ್‌ಸ್ಟೇಷನ್ನಿನಲ್ಲಿ ನದಾಫರು ಗಡಿಯಾರ ನೋಡಿದರು, ಫೋನು ನೋಡಿದರು. ಪರದೆಯ ಮೇಲೆ ಏನೂ ಇರಲಿಲ್ಲ. ತಾವಾಗಿಯೇ ಐದಾರು ನಿಮಿಷ ಹೆಚ್ಚಿಗೆ ಕಾದರು. ಹನ್ನೊಂದು ಮೂವತ್ತಾರಕ್ಕೆ ಕರೆಂಟ್ ಬಿಟ್ಟರು.

ಆ ಗಳಿಗೆಯಲ್ಲಿ ನಾನು ಪ್ರಯೋಗಾಲಯದಲ್ಲಿ ಹೊಸಬರ ಮುಂದೆ ನಿಂತು ಗಮನದ ಘನತೆ ಎಂಬ ವಿಷಯದ ಮೇಲೆ ಭಾಷಣ ಮಾಡುತ್ತಿದ್ದೆ. ಕಸ್ತೂರಿ ಯಾರದೋ ಫೋನಿನಿಂದ ಅರ್ಧ ನಿಮಿಷ ಬಿಡದೆ ರಿಂಗ್ ಮಾಡಿದ್ದರಿಂದ ಸುದ್ದಿ ನನಗೆ ತಲುಪಿತು. ಕಿಂಡಿ ಚೆನ್ನಾಗಿ ಕೆಲಸ ಮಾಡಿತು.

ಚನ್ನವೀರನ ಬಲಗೈ ಮೊಣಕೈಯ ಮೇಲಕ್ಕೆ, ಎಡಗೈ ಭುಜದ ಹತ್ತಿರ ತೆಗೆದರು. ಎಂಟನೆಯ ದಿನ ಅವನಿಗೆ ಸರಿಯಾಗಿ ಎಚ್ಚರವಾಯಿತು. ಪೊಲೀಸರು ಬಂದು ಕೇಳಿದಾಗ, ಎರಡು ರಿಂಗ್ ಕೊಟ್ಟಿದ್ದೆ ಎಂದ. ನದಾಫರು, ಖುದಾನ ಆಣೆ, ಒಂದೂ ಬಂದಿಲ್ಲ ಎಂದರು. ಟವರಿನ ದಾಖಲೆ ತೆಗೆಸಿದರೆ ಎರಡೂ ಕರೆ ಹೋದದ್ದು ನಿಜ. ಅಲ್ಲಿಗೆ ಊರಿಗೆಲ್ಲ ನದಾಫರು ಸುಳ್ಳರಾದರು. ಕೆಲಸದಿಂದ ಅಮಾನತಾಯಿತು, ಠಾಣೆಯಲ್ಲಿ ಮೂರು ದಿನ ಕೂರಿಸಿದರು, ಜಾಮೀನಿನ ಮೇಲೆ ಬಿಟ್ಟರು. ಅವರ ಮಗಳ ನಿಶ್ಚಯ ಮುರಿದುಹೋಯಿತು ಎಂದು ಕೇಳಿದೆ. ವಿಚಾರಣೆಯಲ್ಲಿ ಚನ್ನವೀರ ಅದೇ ಹೇಳಿಕೆ ಕೊಟ್ಟರೆ ಅವರು ಒಳಗೆ ಹೋಗುವುದರಲ್ಲಿ ಅನುಮಾನವಿರಲಿಲ್ಲ.

ನಾನು ನದಾಫರ ಬಿಲ್ಲೆಯ ದಾಖಲೆ ತೆಗೆದೆ. ಚನ್ನವೀರನ ಹೆಸರಿನ ಮುಂದೆ ಹೀಗಿತ್ತು: ಬಂದ ಕರೆ ಸಾವಿರದ ನೂರಾ ಹನ್ನೆರಡು. ಎತ್ತಿದ್ದು ಸೊನ್ನೆ. ಮುಖ್ಯವಲ್ಲ. ಆಮೇಲೆ ನನ್ನ ಬಿಲ್ಲೆಯದನ್ನು ತೆಗೆದೆ. ಅಲ್ಲಿಯೂ ಚನ್ನವೀರ. ಬಂದ ಕರೆ ಆರುನೂರ ಮೂವತ್ತೊಂದು. ಎತ್ತಿದ್ದು ಸೊನ್ನೆ. ಮುಖ್ಯವಲ್ಲ. ನನ್ನ ಸ್ವಂತ ಯಂತ್ರದ ದೋಷ ನನ್ನ ಸ್ವಂತ ಕಿವಿಯ ಹಿಂದೆ ಎರಡು ವರ್ಷ ದಿನಾ ಸಂಜೆ ನಡೆದಿತ್ತು. ನಾನು ಕುರ್ಚಿಯ ಮೇಲೆ ಕೂತೇ ಗೋಳೋ ಎಂದು ಅತ್ತೆ.

ಪದ್ಮರಾಜ ಬಾಗಿಲು ಹಾಕಿಕೊಂಡು ಬಂದು ಎದುರಿಗೆ ಕೂತ.

“ನಿಯಮ ಏನದ? ಬಾಯಿಲೆ ತಿಳಸಬೇಕು. ಅವರಿಬ್ಬರೂ ಅದನ್ನ ಮುರದಾರ. ನಮ್ಮ ಯಂತ್ರ ನಾವು ಹೇಳಿದಂಗ ಕೆಲಸಾ ಮಾಡೇದ. ದಾಖಲೆ ಕೇಳಿದ್ರ ಕೊಡೋಣು. ಯಾರೂ ಕೇಳಿಲ್ಲಂದ್ರ ನಾವಾಗೇ ಯಾಕ ಕೊಡೂದು?”

“ಒಬ್ಬಾಂವ ಜೇಲಿಗೆ ಹೋಗತಾನ ಪದ್ಮರಾಜ.”

“ಪಟ್ಟಿ ತೋರಸೋಣು ಅಂದಿದ್ದೆ ನಾ,” ಎಂದ ಅವನು, ಸಿಟ್ಟಿಲ್ಲದೆ. “ಬ್ಯಾಡ ಅಂದವರು ನೀವು.”

ದಾಖಲೆಯ ಎರಡು ಪ್ರತಿ ತೆಗೆದು ಚೀಲದಲ್ಲಿಟ್ಟುಕೊಂಡು ಮಧ್ಯಾಹ್ನದ ಬಸ್ಸು ಹತ್ತಿದೆ.

ಆಸ್ಪತ್ರೆಯಲ್ಲಿ ಕಸ್ತೂರಿ ಅವನಿಗೆ ಚಮಚದಿಂದ ಗಂಜಿ ಕುಡಿಸುತ್ತಿದ್ದಳು. ಎರಡು ಭುಜಕ್ಕೂ ಬಿಳಿ ಪಟ್ಟಿ. ನನ್ನನ್ನು ನೋಡಿ ಅವನು, ಪಾಪ, ನನಗೇ ಸಮಾಧಾನ ಹೇಳಲು ಹೊರಟ.

“ನೀ ಅಳಬ್ಯಾಡ ಅಕ್ಕಾ. ಮಂದಿ ನಿನ್ನ ಮಷಿನ್ನಿಗಿ ಬೈಯಾಕತ್ತಾರಂತ. ನಾ ಎಲ್ಲಾರಿಗೂ ಹೇಳೇನಿ, ಮಷಿನ್ದೇನೂ ತಪ್ಪಿಲ್ಲಂತ. ಸಬ್‌ಸ್ಟೇಷನ್ನಿಗಿ ಬಿಲ್ಲೆ ಬಂದಾಗ ನನಗೂ ಅನುಮಾನ ಇತ್ತು. ನನ್ನ ರಿಂಗ್ ಮಾಮಾಗ ಮುಟ್ಟತಾವೋ ಇಲ್ಲೋ ಅಂತ. ಅದಕ್ಕ ನಿನ್ನ ಕೇಳಿದ್ದು. ಬಿಲ್ಲೆ ಹಚ್ಚಿಗೊಂಡ ನಿನಗ ಮುಟ್ಟತಾವಂದ್ರ ಅವಗೂ ಮುಟ್ಟತಾವು. ನೀ ದಿನಾ ಬರತಾವು ಅಂದಿ. ಧೈರ್ಯ ಆತು. ಮಾಮಾನ ನೋಡಿಲ್ಲಕ್ಕಾ. ಇಲ್ಲಾಂದ್ರ ನೋಡಿನೂ ಕರೆಂಟ್ ಬಿಟ್ಟಾನ.”

ಅಂಗಳದಲ್ಲಿ ಯಾರದೋ ಮಗು ಅಳುತ್ತಿತ್ತು. ನಾನು ಚೀಲ ತೆಗೆಯಲಿಲ್ಲ. ದಾಖಲೆ ತೋರಿಸುವುದು ಸುಲಭವಿತ್ತು. ಕಾಗದ ಮಾತಾಡುತ್ತಿತ್ತು, ನಾನು ಸುಮ್ಮನೆ ನಿಲ್ಲಬಹುದಿತ್ತು.

“ಬರತಿರಲಿಲ್ಲ ಚನ್ನೂ,” ಎಂದೆ. “ನಿನ್ನ ರಿಂಗ್ ನನಗ ಎರಡು ವರ್ಷದಿಂದ ಬಂದಿಲ್ಲ. ನಾ ಸುಳ್ಳ ಹೇಳಿದೆ. ನದಾಫ ಮಾಮಾಗೂ ಬಂದಿಲ್ಲ. ಬಿಲ್ಲೆ ಎರಡೂ ಕಡೆ ತಡದೈತಿ.”

ಕಸ್ತೂರಿ ಚಮಚವನ್ನು ಬಟ್ಟಲಲ್ಲಿಟ್ಟಳು. ಚನ್ನವೀರ ನನ್ನನ್ನೇ ನೋಡಿದ.

“ಎರಡು ವರ್ಷ?” ಎಂದ.

“ಹೂಂ.”

“ನಿನಗ ಗೊತ್ತ ಆಗಲಿಲ್ಲ?”

ಆಗಲಿಲ್ಲ ಎಂದೆ. ಕೈ ಹೋದದ್ದಕ್ಕೆ ಅವನು ನನ್ನನ್ನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ಕೇಳಿದ್ದು ಅದನ್ನಲ್ಲ. ದಿನಾ ಸಂಜೆ ಕಂಬ ಇಳಿದು ತಾನು ಯಾರಿಗೆ ಹೇಳುತ್ತಿದ್ದೆ ಎಂದು ಅವನು ಕೇಳುತ್ತಿದ್ದ. ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ. ಕಸ್ತೂರಿ ಎದ್ದು, “ಹೋಗ್ರಿ ಅಕ್ಕಾರ,” ಎಂದಳು. ಅವಳ ದನಿಯಲ್ಲಿ ಸಿಟ್ಟಿಗಿಂತ ದಣಿವು ಹೆಚ್ಚಾಗಿತ್ತು.

ಅಲ್ಲಿಂದ ಹನ್ನೊಂದು ದಿನ ನಾನು ದಿನವೂ ಆಸ್ಪತ್ರೆಗೆ ಹೋದೆ. ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತೆ. ಅವನು ಒಂದು ದಿನವೂ ಮಾತಾಡಲಿಲ್ಲ. ಅಷ್ಟರಲ್ಲಿ ನಾನು ಕೆಲಸ ಬಿಟ್ಟಿದ್ದೆ, ದಾಖಲೆಗಳನ್ನು ವಿಚಾರಣೆಯ ಅಧಿಕಾರಿಗೆ ಕೊಟ್ಟಿದ್ದೆ. ಪದ್ಮರಾಜ ತಡೆಯಲಿಲ್ಲ. ಬಿಲ್ಲೆಗೆ ಇನ್ನು ಮುಂದೆ ಮಿಸ್ಡ್ ಕಾಲ್‌ಗಳನ್ನೂ ಗುರುತಿಸಲು ಕಲಿಸುತ್ತೇವೆ ಎಂದು ಪತ್ರಿಕೆಗಳಿಗೆ ತಿಳಿಸಿದ. ಅದರ ಮರುವಾರ ಮಾರಾಟ ಹೆಚ್ಚಿತು.

ಹನ್ನೆರಡನೆಯ ದಿನ ವಿಚಾರಣೆ. ಅಧಿಕಾರಿಗಳು ಆಸ್ಪತ್ರೆಗೇ ಬಂದು ಒಂದು ಕೋಣೆಯಲ್ಲಿ ಮೇಜು ಹಾಕಿಸಿಕೊಂಡು ಕೂತರು. ನದಾಫರು ಗೋಡೆಗೆ ಒತ್ತಿ ನಿಂತಿದ್ದರು. ಒಂದೇ ತಿಂಗಳಲ್ಲಿ ಹತ್ತು ವರ್ಷ ಮುದುಕರಾಗಿದ್ದರು. ಚನ್ನವೀರನನ್ನು ಗಾಲಿಕುರ್ಚಿಯಲ್ಲಿ ತಂದರು. ಅವನು ಅವರ ಕಡೆ ನೋಡಿ, “ಕೂಡ್ರು ಮಾಮಾ, ಯಾಕ ನಿಂತಿ,” ಎಂದ. ನದಾಫರು ಟೋಪಿ ತೆಗೆದು ಮುಖಕ್ಕೆ ಹಿಡಿದುಕೊಂಡು ಅತ್ತುಬಿಟ್ಟರು.

ಹೇಳಿಕೆಯನ್ನು ಚನ್ನವೀರ ನಿಧಾನವಾಗಿ ಕೊಟ್ಟ. ಎರಡು ರಿಂಗ್ ಕೊಟ್ಟದ್ದು ನಿಜ. ಅವು ನದಾಫರಿಗೆ ಮುಟ್ಟಿಲ್ಲ ಎಂಬುದೂ ನಿಜ. ಅವರದು ತಪ್ಪಿಲ್ಲ. ಬಿಲ್ಲೆ ರಿಂಗ್ ಬಿಡುತ್ತದೋ ಇಲ್ಲವೋ ಎಂದು ತಾನು ಅದನ್ನು ಮಾಡಿದವರನ್ನೇ ಕೇಳಿದ್ದೆ, ಬಿಡುತ್ತದೆ ಎಂದಿದ್ದರು. ಹಾಗೆ ಹೇಳಿದವರು ಯಾರು ಎಂದು ಅಧಿಕಾರಿ ಕೇಳಿದರು. “ದಾಕ್ಷಾಯಣಿ ಅಂತ,” ಎಂದ. ಅಕ್ಕ ಎನ್ನಲಿಲ್ಲ.

ಗುಮಾಸ್ತ ಎಲ್ಲವನ್ನೂ ಬರೆದು ಓದಿ ಹೇಳಿ, ರೂಢಿಯಂತೆ ಕಾಗದವನ್ನು ಮುಂದೆ ಸರಿಸಿ ಪೆನ್ನು ಚಾಚಿದ. ಚಾಚಿದ ಮೇಲೆ ಅವನಿಗೆ ಗೊತ್ತಾಯಿತು. ತಲೆ ತಗ್ಗಿಸಿ ಮಸಿಯ ಡಬ್ಬಿ ಹುಡುಕಿದ.

“ಕೈ ಇಲ್ಲದವರದು ಕಾಲಿನ ಹೆಬ್ಬಟ್ಟು ತಗೋತೇವ್ರಿ,” ಎಂದು ಅಧಿಕಾರಿ ಮೆಲ್ಲಗೆ ಹೇಳಿದರು. “ಮನಿಯವರು ಯಾರರ ಹಿಡೀರಿ.”

ಕಸ್ತೂರಿ ಮುಂದೆ ಬರಲಿಲ್ಲ, ನನ್ನ ಕಡೆ ನೋಡಿದಳು. ನಾನು ಹೋಗಿ ಅವನ ಮುಂದೆ ನೆಲದ ಮೇಲೆ ಕೂತೆ. ಅವನ ಬಲಗಾಲನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡೆ. ಕಂಬ ಹತ್ತಿ ಹತ್ತಿ ಪಾದದ ಅಂಚು ದಡ್ಡುಗಟ್ಟಿತ್ತು. ಹೆಬ್ಬೆರಳಿಗೆ ಮಸಿ ಹಚ್ಚುತ್ತಿದ್ದಂತೆ ಅವನು ಕಾಲನ್ನು ಸರಕ್ಕನೆ ಹಿಂದಕ್ಕೆ ಎಳೆದುಕೊಳ್ಳಲು ನೋಡಿದ.

“ಬ್ಯಾಡಕ್ಕಾ. ದೊಡ್ಡಾಕಿ ನೀ. ನನ್ನ ಕಾಲ ಮುಟ್ಟಬ್ಯಾಡ.”

ಹನ್ನೊಂದು ದಿನಗಳ ಮೇಲೆ ಅವನು ನನ್ನೊಡನೆ ಆಡಿದ ಮೊದಲ ಮಾತು ಅದು. ನಾನು ಕಾಲು ಬಿಡಲಿಲ್ಲ. ಗುಮಾಸ್ತ ಬಗ್ಗಿ ಹಿಡಿದ ಕಾಗದದಲ್ಲಿ ಹೆಬ್ಬೆರಳನ್ನು ನನ್ನ ಹೆಸರಿದ್ದ ಸಾಲಿನ ಕೆಳಗೆ ಒತ್ತಿ, ಗುರುತು ಸರಿಯಾಗಿ ಮೂಡುವ ತನಕ ಹಿಡಿದುಕೊಂಡೆ.